ಡಿಗ್ರಿ ಇಲ್ಲದ ವೆಲ್ಡರ್‌ಗೆ ಜರ್ಮನಿ, ಜಪಾನ್, ಕೆನಡಾ: ಯಾವ ದಾರಿ ತೆರೆದಿದೆ?

ಪ್ರಶ್ನೆ:
ನಮಸ್ಕಾರ ಸರ್. ವಯಸ್ಸು 27, ಹನ್ನೆರಡನೇ ತರಗತಿ ಪಾಸ್. ಆರು ವರ್ಷದಿಂದ ವೆಲ್ಡರ್, ಟಿಗ್ ಮತ್ತು ಆರ್ಕ್ ಎರಡೂ ಬಗೆಯ ವೆಲ್ಡಿಂಗ್ ಬರುತ್ತೆ. ಕೆಲಸ ಕಲಿತಿದ್ದು ಶಾಪ್‌ನಲ್ಲೇ; ಟ್ರೇಡ್ ಸರ್ಟಿಫಿಕೇಟೂ ಇಲ್ಲ, ಡಿಗ್ರಿಯೂ ಇಲ್ಲ. ಮೂರು ದೇಶಗಳಲ್ಲಿ ಯಾವುದಕ್ಕೆ ಪ್ರಯತ್ನಿಸಲಿ? ಏಜೆಂಟ್ ಒಬ್ಬರು ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ವರ್ಕ್ ಪರ್ಮಿಟ್ ಮಾಡಿಸ್ಕೊಳ್ಳಿ ಅಂತಿದ್ದಾರೆ.

ಉತ್ತರ (ವಲಸೆ ಸಲಹೆಗಾರರು):
ಮೊದಲು ಏಜೆಂಟ್ ವಿಷಯ. ಕೆನಡಾದಲ್ಲಿ ಕೋವಿಡ್ ಕಾಲಕ್ಕೆಂದು ಆ ಸವಲತ್ತು ಇತ್ತು, 2024ರ ಆಗಸ್ಟ್ 28ಕ್ಕೆ ನಿಲ್ಲಿಸಿದರು. ಅದನ್ನೇ ಈಗಲೂ ಮಾರುತ್ತಿದ್ದಾರೆ ಅಷ್ಟೆ. ದುಡ್ಡು ಕೊಡಬೇಡಿ.

ಜರ್ಮನಿಯಲ್ಲಿ ನಿಮಗೆ ಅಡ್ಡ ಬರೋದು ಡಿಗ್ರಿ ಅಲ್ಲ, ಟ್ರೇಡ್ ಸರ್ಟಿಫಿಕೇಟ್. 2024ರ ಮಾರ್ಚ್‌ನಿಂದ ಅನುಭವದ ಮೇಲೆ ವೀಸಾ ಕೊಡುತ್ತಾರೆ ನಿಜ, ಕಳೆದ ಐದು ವರ್ಷದಲ್ಲಿ ಎರಡು ವರ್ಷ ಅದೇ ಕೆಲಸ ಮಾಡಿರಬೇಕು. ಆದರೆ ಜೊತೆಗೆ ನಿಮ್ಮ ದೇಶದ ಸರ್ಕಾರ ಮಾನ್ಯ ಮಾಡಿದ, ಕನಿಷ್ಠ ಎರಡು ವರ್ಷದ ತರಬೇತಿ ಇರಲೇಬೇಕು. ಈ ಷರತ್ತಿನಿಂದ ವಿನಾಯಿತಿ ಇರೋದು ಐಟಿಯವರಿಗೆ ಮಾತ್ರ. ಹಾಗಾಗಿ ನಿಮಗೆ ಉಳಿಯೋದು ಆಸ್‌ಬಿಲ್ಡುಂಗ್, ಅಂದರೆ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ವೃತ್ತಿಶಾಲೆಗೆ ಹೋಗುವ ತರಬೇತಿ. ಲೋಹದ ಕೆಲಸದ ಟ್ರೇಡ್‌ಗಳಿಗೆ ಸಾಮಾನ್ಯವಾಗಿ ಮೂರೂವರೆ ವರ್ಷ. ಜರ್ಮನ್ ಭಾಷೆ ಬಿ1 (ಮಧ್ಯಮ) ಮಟ್ಟ ಬೇಕು. 2025ರಲ್ಲಿ ಶುರುವಾದ ತರಬೇತಿಗೆ ಮೊದಲ ವರ್ಷದ ಕನಿಷ್ಠ ಭತ್ಯೆ ತಿಂಗಳಿಗೆ 682 ಯೂರೋ. ಅಷ್ಟರಲ್ಲಿ ಜೀವನ ನಡೆಯಲ್ಲ ಅಂತ ಕಂಡರೆ ಉಳಿದದ್ದನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಬ್ಯಾಂಕ್ ಖಾತೆ) ತೋರಿಸಿ ಅಂತಾರೆ. ಆರು ವರ್ಷದ ಕೈ ಅನುಭವ ಇಟ್ಕೊಂಡು ಮತ್ತೆ ಅಪ್ರೆಂಟಿಸ್ ಆಗೋಕೆ ಮನಸ್ಸು ಒಪ್ಪಲ್ಲ, ಗೊತ್ತು. ಆದರೆ ಅಲ್ಲೇ ನೆಲೆಸಬೇಕು ಅನ್ನುವವರಿಗೆ ನಾನು ಹೇಳೋದು ಇದನ್ನೇ: ತರಬೇತಿ ಮುಗಿಸಿ ಎರಡು ವರ್ಷ ಆ ಕೆಲಸ ಮಾಡಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ಬೇಗ ಹೊರಡಬೇಕೆಂದರೆ ಜಪಾನ್. 2019ರಲ್ಲಿ ಬಂದ ‘ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್’ ವೀಸಾಗೆ ಡಿಗ್ರಿ ಕೇಳಲ್ಲ. ಟ್ರೇಡ್ ಪರೀಕ್ಷೆ, ಮತ್ತೆ ಜಪಾನೀಸ್ ಭಾಷಾ ಪರೀಕ್ಷೆ (ಎನ್4 ಅಥವಾ ಜೆಎಫ್‌ಟಿ-ಬೇಸಿಕ್) ಪಾಸಾಗಬೇಕು. ಹಡಗು ಕಟ್ಟುವ ವಲಯದಲ್ಲಿ ವೆಲ್ಡಿಂಗ್ ಇದೆ. ಆ ಟ್ರೇಡ್ ಪರೀಕ್ಷೆ ನಿಮಗೆ ಹೋಗಲಾಗುವ ಕಡೆ ನಡೆಯುತ್ತಾ ಅಂತ ನೋಡಿಕೊಂಡೇ ಭಾಷಾ ಕ್ಲಾಸ್‌ಗೆ ಫೀಸ್ ಕಟ್ಟಿ. ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಅಷ್ಟೇ, ಹೆಂಡತಿ ಮಕ್ಕಳನ್ನು ಕರೆಸೋ ಹಾಗಿಲ್ಲ.

ಕೆನಡಾದ ಫೆಡರಲ್ ಸ್ಕಿಲ್ಡ್ ಟ್ರೇಡ್ಸ್ ಎಂಬ ಕಾಯಂ ವಾಸದ ಯೋಜನೆಯಲ್ಲಿ ಓದಿನ ಷರತ್ತೇ ಇಲ್ಲ. ಆದರೆ ಕನಿಷ್ಠ ಒಂದು ವರ್ಷದ ಜಾಬ್ ಆಫರ್, ಇಲ್ಲವೇ ಅಲ್ಲಿನ ಪ್ರಾಂತ್ಯ ಕೊಡುವ ಟ್ರೇಡ್ ಅರ್ಹತಾ ಪತ್ರ ಬೇಕು. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಪ್ರಶ್ನೆ:
ಧನ್ಯವಾದ ಸರ್. ಮಾಲೀಕರು ‘ಇವರು ಇಲ್ಲಿ ವೆಲ್ಡರ್, ನಡತೆ ಉತ್ತಮ’ ಅಂತ ಲೆಟರ್ ಕೊಟ್ಟಿದ್ದಾರೆ. ಸಾಕಾ? ಇಂಟರ್‌ನ್ಯಾಷನಲ್ ವೆಲ್ಡಿಂಗ್ ಸರ್ಟಿಫಿಕೇಟ್ ಮಾಡಿಸಿದರೆ ಟ್ರೇಡ್ ಸರ್ಟಿಫಿಕೇಟ್ ಬದಲಿಗೆ ನಡೆಯುತ್ತಾ?

ಉತ್ತರ (ವಲಸೆ ಸಲಹೆಗಾರರು):
ಸಾಲದು. ಕೆನಡಾ ಕೇಳೋದು ಲೆಟರ್‌ಹೆಡ್ ಮೇಲೆ ಹುದ್ದೆ, ಸೇರಿದ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಮಾಡಿದ ಕೆಲಸಗಳು, ಸಹಿ ಹಾಕಿದವರ ಹೆಸರು ಮತ್ತು ಸಂಪರ್ಕ. ಗಂಟೆ ಬರೆಯದಿದ್ದರೆ ಪೂರ್ಣಾವಧಿ ಕೆಲಸ ಅಂತ ಸಾಬೀತಾಗಲ್ಲ. ಅವರ ಲೆಕ್ಕದಲ್ಲಿ ಪೂರ್ಣಾವಧಿ ಅಂದರೆ ವಾರಕ್ಕೆ 30 ಗಂಟೆ. ಕೆಲಸದ ವಿವರವನ್ನು ಸರ್ಕಾರಿ ಹುದ್ದೆಪಟ್ಟಿಯಿಂದ ಪದಕ್ಕೆ ಪದ ನಕಲು ಮಾಡಿಸಬೇಡಿ, ಅನುಮಾನ ಬರುತ್ತೆ. ನೀವು ನಿಜವಾಗಿ ಬೆಸೆದ ಲೋಹ, ಪೈಪೋ ಪ್ಲೇಟೋ, ಡ್ರಾಯಿಂಗ್ ಓದಿದ್ದು ಬರಲಿ. ಸಂಬಳ ಬ್ಯಾಂಕ್‌ಗೆ ಬಿದ್ದಿರುವ ಸ್ಟೇಟ್‌ಮೆಂಟ್ ಜೊತೆಗಿಡಿ.

ಉತ್ತರ (ವೆಲ್ಡಿಂಗ್ ಇನ್‌ಸ್ಪೆಕ್ಟರ್):
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ನಡೆಯಲ್ಲ. ಐಎಸ್‌ಒ 9606-1 (ವೆಲ್ಡರ್ ಕೌಶಲ ಪರೀಕ್ಷೆಯ ಅಂತಾರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ನೋಡಿ ಕಂಪನಿ ಕೆಲಸ ಕೊಡಬಹುದು, ಜರ್ಮನಿಯ ವೀಸಾದವರು ಅದನ್ನು ಎರಡು ವರ್ಷದ ತರಬೇತಿ ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಟಿಗ್‌ಗೆ (ಮಾನದಂಡದಲ್ಲಿ ವಿಧಾನ ನಂಬರ್ 141) ಮತ್ತು ಆರ್ಕ್‌ಗೆ (111) ಬೇರೆ ಬೇರೆ ಟೆಸ್ಟ್. ಪೈಪನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಮೇಲ್ಮುಖವಾಗಿ ಬೆಸೆಯುವ ಎಚ್-ಎಲ್045 ಪೊಸಿಷನ್ ತಗೊಳ್ಳಿ; ಅದು ಪಾಸಾದರೆ ಫ್ಲಾಟ್, ಓವರ್‌ಹೆಡ್ ಬಟ್ ವೆಲ್ಡ್‌ಗಳೂ (ಅಂಚಿಗೆ ಅಂಚು ಜೋಡಿಸಿ ಬೆಸೆಯುವುದು) ಅದರಲ್ಲೇ ಸೇರುತ್ತವೆ. ಆರು ತಿಂಗಳಿಗೊಮ್ಮೆ ಸರ್ಟಿಫಿಕೇಟ್ ಮೇಲೆ ಸಂಸ್ಥೆಯ ಹೊಣೆಗಾರರ ಸಹಿ ಬೀಳಬೇಕು, ಒಂದು ತಪ್ಪಿದರೂ ಊರ್ಜಿತವಲ್ಲ. ಅದಕ್ಕೇ ಈಗಲೇ ಮಾಡಿಸಬೇಡಿ, ಇಂಟರ್‌ವ್ಯೂ ಹತ್ತಿರ ಬಂದಾಗ ಮಾಡಿಸಿ.