ಹಿಮ ಕರಗಿದ ವಾರ ನೈಟ್ರಸ್ ಆಕ್ಸೈಡ್ 30 ಪಟ್ಟು: ಸೆನ್ಸರ್ ಕೆಟ್ಟಿದೆಯಾ?

ಹಿಮದೂರು:
ನಮಸ್ಕಾರ. ಕೆನಡಾದ ಒಂಟಾರಿಯೊದಲ್ಲಿ ಓದುತ್ತಿದ್ದೇನೆ. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಮಣ್ಣಿನಿಂದ ಬರುವ ನೈಟ್ರಸ್ ಆಕ್ಸೈಡ್ (ಭೂಮಿ ಬಿಸಿಮಾಡುವ ಸಾರಜನಕದ ಅನಿಲ) ಅಳೆಯುವ ಕೆಲಸ. ನೆಲದಲ್ಲಿ ಹೂತ ಕಾಲರ್ (ಬಳೆಯಂಥ ಚೌಕಟ್ಟು) ಮೇಲೆ ಚೇಂಬರ್ (ಗಾಳಿಯಾಡದ ಡಬ್ಬಿ) ಮುಚ್ಚಿ 0, 15, 30, 45ನೇ ನಿಮಿಷಕ್ಕೆ ಸಿರಿಂಜ್‌ನಲ್ಲಿ ಗಾಳಿ ತೆಗೆಯುತ್ತೇನೆ. ಎರಡು ವಾರಕ್ಕೊಮ್ಮೆ. 10 ಸೆಂ.ಮೀ. ಆಳದಲ್ಲಿ ತೇವದ ಸೆನ್ಸರ್ ಇದೆ.

ಡಿಸೆಂಬರ್ ಕೊನೆಗೆ ಸೆನ್ಸರ್ ಶೇ 34ರಿಂದ 11ಕ್ಕೆ ಬಿತ್ತು. ಮೇಲೆ ಮೊಣಕಾಲುದ್ದ ಹಿಮ, ಒಳಗೆ ಒಣ ಮಣ್ಣು! ಮಾರ್ಚ್‌ನಲ್ಲಿ ಕರಗಿದಾಗ 40ಕ್ಕೆ ಹಾರಿತು. ಅದೇ ವಾರ ನೈಟ್ರಸ್ ಆಕ್ಸೈಡ್ ಫೆಬ್ರವರಿಗಿಂತ 30 ಪಟ್ಟು. ಗೊಬ್ಬರ ಹಾಕಿ ತಿಂಗಳುಗಳೇ ಆಗಿವೆ. ಈ ಚಳಿಯಲ್ಲಿ ಯಾವ ಸೂಕ್ಷ್ಮಜೀವಿ ಕೆಲಸ ಮಾಡುತ್ತದೆ ಹೇಳಿ?

ಕೆಮ್ಮಣ್ಣು:
0 ನಿಮಿಷದ ಗಾಳಿ ತುಂಬಿದ ವಯಲ್ (ಪುಟ್ಟ ಸೀಸೆ) ಎಷ್ಟು ನೈಟ್ರಸ್ ಆಕ್ಸೈಡ್ ತೋರಿಸುತ್ತದೆ? ಹೊರಗಿನ ಗಾಳಿಯಲ್ಲೇ ಸುಮಾರು 340 ಪಿಪಿಬಿ (ನೂರು ಕೋಟಿಯಲ್ಲಿ 340 ಪಾಲು) ಇರುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಬಂದಿದ್ದರೆ ಸಿರಿಂಜ್‌ನಲ್ಲಿ ಹಳೇ ಗಾಳಿ ಉಳಿದಿರಬೇಕು.

ಹಿಮದೂರು:
340ರ ಆಸುಪಾಸೇ. ಆಮೇಲಿನ ಮೂರೂ ಒಂದೇ ಗೆರೆಯಲ್ಲಿ ಏರುತ್ತವೆ.

ಹದನೋಡುವವ:
ಹಾಗಾದರೆ ಏರಿಕೆ ನಿಜ. ಸೆನ್ಸರ್ ಕೂಡ ಕೆಟ್ಟಿಲ್ಲ. ಅದು ಮಣ್ಣಿನ ಡೈಎಲೆಕ್ಟ್ರಿಕ್ ಗುಣ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದು) ನೋಡಿ ತೇವವನ್ನು ಲೆಕ್ಕ ಹಾಕುತ್ತದೆ. ಆ ಗುಣದ ಸಂಖ್ಯೆ ನೀರಿಗೆ 80ರ ಸುತ್ತ, ಮಂಜುಗಡ್ಡೆಗೆ ಬರೀ 3. ನೀರು ಗಡ್ಡೆ ಕಟ್ಟಿದರೆ ಸೆನ್ಸರ್ ಪಾಲಿಗೆ ಮಣ್ಣು ಒಣಗಿದ ಹಾಗೆ. ನಿಮ್ಮ 11 ಎಂದರೆ ಗಡ್ಡೆಯಾಗದೆ ಉಳಿದ ನೀರು. ಮಣ್ಣಿನ ಕಣಕ್ಕೆ ಅಂಟಿದ ತೆಳು ಪದರ 0 ಡಿಗ್ರಿಗಿಂತ ಕೆಳಗೂ ನೀರಾಗಿಯೇ ಇರುತ್ತದೆ. ಸೂಕ್ಷ್ಮಜೀವಿಗಳು ಚಳಿಗಾಲ ದೂಡುವುದು ಅಲ್ಲೇ.

ಇನ್ನು ಏರಿಕೆ. ಗಡ್ಡೆ ಕಟ್ಟುವಾಗ ನೀರು ಹಿಗ್ಗಿ ಹೆಂಟೆ ಒಡೆಯುತ್ತದೆ, ಬೇರು ಹರಿಯುತ್ತದೆ, ಒಂದಷ್ಟು ಸೂಕ್ಷ್ಮಜೀವಿಗಳು ಸಾಯುತ್ತವೆ. ಕರಗಿದಾಗ ಉಳಿದವಕ್ಕೆ ಅದೇ ಹಬ್ಬದೂಟ. ಇದರ ಮೇಲೆ ಇನ್ನೊಂದು: ಮೇಲಿನ ಮಣ್ಣು ಕರಗಿರುತ್ತದೆ, ಕೆಳಗಿನದು ಇನ್ನೂ ಕಲ್ಲು. ನೀರು ಇಳಿಯಲಾರದೆ ನಿಲ್ಲುತ್ತದೆ. ಎಷ್ಟು ರಂಧ್ರ ತುಂಬಿದೆ ನೋಡೋಣ, ಮಣ್ಣಿನ ಒತ್ತು ಸಾಂದ್ರತೆ (ರಂಧ್ರವೂ ಸೇರಿದ ಗಾತ್ರಕ್ಕೆ ಒಣ ಮಣ್ಣಿನ ತೂಕ) ಎಷ್ಟು?

ಹಿಮದೂರು:
ಘನ ಸೆಂ.ಮೀ.ಗೆ 1.3 ಗ್ರಾಂ.

ಹದನೋಡುವವ:
1.3ನ್ನು 2.65ರಿಂದ (ರಂಧ್ರ ಬಿಟ್ಟು ಬರೀ ಮಣ್ಣಿನ ಕಣದ ಸಾಂದ್ರತೆ) ಭಾಗಿಸಿ, 1ರಿಂದ ಕಳೆಯಿರಿ. ರಂಧ್ರಗಳ ಪಾಲು ಶೇ 51. ಆ 51ರಲ್ಲಿ 40 ನೀರು ಎಂದರೆ ಶೇ 78 ರಂಧ್ರ ತುಂಬಿದೆ. ಶೇ 60 ದಾಟಿದರೆ ಆಮ್ಲಜನಕ ಸಾಲದೆ ಜೀವಿಗಳು ಅದರ ಬದಲು ಮಣ್ಣಿನ ನೈಟ್ರೇಟ್ ಉಸಿರಾಡಲು ಶುರು ಮಾಡುತ್ತವೆ, ಆಗ ಅದು ನೈಟ್ರಸ್ ಆಕ್ಸೈಡ್ ಆಗುತ್ತದೆ. 70–80 ಅಂತೂ ನೈಟ್ರಸ್ ಆಕ್ಸೈಡ್‌ಗೆ ಹೇಳಿ ಮಾಡಿಸಿದ ಹದ. ಪೂರ್ತಿ ಕೆಸರಾದರೆ ಆ ಅನಿಲದ ಬಹುಪಾಲು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬರೀ ಸಾರಜನಕ ಆಗುತ್ತದೆ. ಆದರೆ ಆ ಕೊನೇ ಹೆಜ್ಜೆಯ ಕಿಣ್ವಕ್ಕೆ ಚಳಿ ಆಗಿಬರುವುದಿಲ್ಲ, ಅರ್ಧದಾರಿಯಲ್ಲೇ ಅನಿಲ ತಪ್ಪಿಸಿಕೊಳ್ಳುತ್ತದೆ.

ನನಗೆ ಚಿಂತೆ ಆಗಿದ್ದು ಆ ‘ಎರಡು ವಾರಕ್ಕೊಮ್ಮೆ’. ಈ ಏರಿಕೆ ಕೆಲವೇ ದಿನದ್ದು, ನಿಮಗೆ ಅದೃಷ್ಟಕ್ಕೆ ಸಿಕ್ಕಿದೆ. ಕರಗುವ ಕಾಲದ್ದನ್ನು ಬಿಟ್ಟರೆ ಜಗತ್ತಿನ ಕೃಷಿಭೂಮಿಯ ನೈಟ್ರಸ್ ಆಕ್ಸೈಡ್ ಲೆಕ್ಕ ಶೇ 17ರಿಂದ 28 ಕಮ್ಮಿ ಬರುತ್ತದೆ ಎಂದು 2017ರಲ್ಲಿ ‘ನೇಚರ್ ಜಿಯೋಸೈನ್ಸ್’ನಲ್ಲಿ ಬಂದಿತ್ತು. ನಿಮ್ಮ ಒಂಟಾರಿಯೊ, ಪಕ್ಕದ ಮ್ಯಾನಿಟೋಬಾ ಹೊಲಗಳದ್ದೇ ಅಳತೆ. ಕರಗುವಾಗ ದಿನಾ ಹೋಗಿ, ಬೇಸಿಗೆಯಲ್ಲಿ ಬೇಕಾದರೆ ಮಲಗಿ.

ಕೆಮ್ಮಣ್ಣು:
ನಮ್ಮ ಕಡೆ ಹಿಮ ಎಲ್ಲಿ ಬರಬೇಕು. ಆದರೆ ಬೇಸಿಗೆಯಲ್ಲಿ ಕಾದ ನೆಲಕ್ಕೆ ಮೊದಲ ಮಳೆ ಬಿದ್ದಾಗಲೂ ಮಣ್ಣು ಹೀಗೇ ಒಮ್ಮೆಲೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ ಅಲ್ವಾ?

ಹದನೋಡುವವ:
ಹೌದು, ಬರ್ಚ್ ಪರಿಣಾಮ ಅಂತಾರೆ. ಅಲ್ಲಿ ಒಣಗಿ ಸತ್ತವು, ಇಲ್ಲಿ ಹೆಪ್ಪುಗಟ್ಟಿ ಸತ್ತವು.

ಹಿಮದೂರು:
ನಾಲ್ಕು ದಿನದಿಂದ ದಿನಾ ಹೋಗುತ್ತಿದ್ದೇನೆ. ಮೂರನೇ ದಿನಕ್ಕೇ ಅರ್ಧಕ್ಕೆ ಇಳಿಯಿತು. ಇನ್ನೊಂದು ಎಡವಟ್ಟು ಕಂಡಿತು: ನೆಲ ಉಬ್ಬಿ ಎರಡು ಕಾಲರ್ 2 ಸೆಂ.ಮೀ. ಮೇಲೆದ್ದಿವೆ. ಈಗ ತುಳಿದು ಕೂರಿಸಲಾ?

ಹದನೋಡುವವ:
ಬೇಡ! ಮಣ್ಣು ಕದಡಿದರೆ ಅದೇ ಒಂದು ಏರಿಕೆ ಕೊಡುತ್ತದೆ. ಅಂಚಿಗೆ ಒದ್ದೆ ಮಣ್ಣು ಒತ್ತಿ ಸೋರಿಕೆ ನಿಲ್ಲಿಸಿ. ಒಳಗಿನ ಎತ್ತರ ಪ್ರತಿ ಸಲ ಅಳೆದು, ಚೇಂಬರ್ ಗಾತ್ರದ ಲೆಕ್ಕಕ್ಕೆ ಸೇರಿಸಿ.