ಹಿರಿಮನೆ ಬಳಗದಲ್ಲಿ ಫಾಂಗ್ ಜಿ ಬೇರು

ವಿಮಲ ಚಿಕ್ಕಮ್ಮ: (ಫಾರ್ವರ್ಡ್) 🔴 ಎಚ್ಚರ!! ಬೆಲ್ಜಿಯಂನಲ್ಲಿ ನಿನ್ನೆ ಚೀನಾದ ಕಾಡುಬೇರಿನ ಗುಳಿಗೆ ತಿಂದು ನೂರು ಹೆಂಗಸರ ಕಿಡ್ನಿ ಫೇಲ್! ತೂಕ ಇಳಿಸೋ ಆಸೆಗೆ ಬಲಿ. ಮನೆ ಹೆಣ್ಣುಮಕ್ಕಳಿಗೆಲ್ಲ ಕಳಿಸಿ 🙏

ವಿಮಲ ಚಿಕ್ಕಮ್ಮ: ಹೆಸರು ಹೇಳಲ್ಲ. ಮೊನ್ನೆ ಗೃಹಪ್ರವೇಶದಲ್ಲಿ ಊಟ ಬಿಟ್ಟು ಪುಡಿ ಕಲಸಿ ಕುಡೀತಿದ್ದೋರು ಓದ್ಕೊಳ್ಳಲಿ.

ಸುಮಾ ಅತ್ತೆ: ಹೆಸರು ಹೇಳಿದ್ರೇ ವಾಸಿ ಇತ್ತು ವಿಮಲಾ. ನನ್ನ ಮಗಳು ಏನು ಕುಡಿದ್ರೆ ನಿನಗೇನು?

ಅಪ್ಪು: ಅಮ್ಮ, "ನಿನ್ನೆ" ಅಂತ ಯಾರು ಹೇಳಿದ್ದು? ಮೂಲ ಎಲ್ಲಿ?

ವಿಮಲ ಚಿಕ್ಕಮ್ಮ: ಯೋಗ ಕ್ಲಾಸ್ ಗುಂಪಲ್ಲಿ ಬಂತು. ಅಲ್ಲಿ ಡಾಕ್ಟರ ಹೆಂಡ್ತಿ ಇದಾರೆ.

ಸೀನ ದೊಡ್ಡಪ್ಪ: ನಾಲಿಗೆ ಹಿಡಿತದಲ್ಲಿದ್ದರೆ ಗುಳಿಗೆ ಯಾಕೆ? ಗದ್ದೆಗಿಳಿದು ಕೆಲಸ ಮಾಡ್ತಿದ್ದ ಕಾಲದಲ್ಲಿ ಯಾರಿಗಿತ್ತು ಬೊಜ್ಜು? ನಮ್ಮ ಮೂಲಿಕೆ ಬಿಟ್ಟು ಚೀನಾದ್ದು ತಿಂದರೆ ಹೀಗೇ ಆಗೋದು.

ಅಪ್ಪು: ಘಟನೆ ನಿಜ, ಆದ್ರೆ 1990ರ ದಶಕದ ಶುರುವಿನದ್ದು. ಬ್ರಸೆಲ್ಸ್‌ನ ತೂಕ ಇಳಿಸೋ ಕ್ಲಿನಿಕ್. ಗುಳಿಗೆಗೆ ಸ್ಟೆಫಾನಿಯಾ ಬೇರು ಬೀಳಬೇಕಿತ್ತು, ಬಿದ್ದಿದ್ದು ಕಿಡ್ನಿ ಕೆಡಿಸೋ ಅರಿಸ್ಟೊಲೋಕಿಯಾ ಬೇರು. ಚೀನಾದಲ್ಲಿ ಎರಡೂ "ಫಾಂಗ್ ಜಿ"ನೇ. 1993ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ವರದಿ ಬಂತು. ಆಮೇಲೆ 39 ರೋಗಿಗಳ ಕೆಟ್ಟ ಕಿಡ್ನಿ, ಮೂತ್ರನಾಳ ತೆಗೆದು ನೋಡಿದ್ರೆ 18 ಜನಕ್ಕೆ ಕ್ಯಾನ್ಸರ್. 2004ರಲ್ಲಿ ಚೀನಾದವರೇ ಆ ಬೇರನ್ನ ಔಷಧಿ ಪಟ್ಟಿಯಿಂದ ತೆಗೆದ್ರು.

ಮಂಜಣ್ಣ (ದುಬೈ): ಅರಿಸ್ಟೊಲೋಕಿಯಾ ಅಂದ್ರೆ ನಮ್ಮ ಈಶ್ವರಿ ಬಳ್ಳಿ ಅಲ್ವೇನೋ! ಕೊಟ್ಟಿಗೆ ಹಿಂದಿನ ಬೇಲಿ ಮೇಲಿತ್ತಲ್ಲ? ಕಾಯಿ ಒಣಗಿ ಬಿರಿದ್ರೆ ಪುಟ್ಟ ತೂಗುಬುಟ್ಟಿ ಥರ ನೇತಾಡೋದು. ಬರ್ಡ್‌ವಿಂಗ್ ಚಿಟ್ಟೆ ಬಂದು ಮೊಟ್ಟೆ ಇಡ್ತಿತ್ತು, ಅದೇ ಈಗ ರಾಜ್ಯದ ಚಿಟ್ಟೆ. ಎಲೆ ತಿರುವಿ ಹುಳ ಹುಡುಕ್ತಾ ಸ್ಕೂಲಿಗೆ ತಡ ಆಗೋದು ❤️

ಅಪ್ಪು: ಅದೇ ಜಾತಿ ಅಣ್ಣ. ಬಳ್ಳಿಯ ವಿಷ ಮೈಲಿರೋದಕ್ಕೇ ಆ ಹುಳನ ಹಕ್ಕಿ ಮುಟ್ಟಲ್ಲ. ನಮ್ಮ ಕಿಡ್ನಿಗೆ ಅದೇ ವಿಷ ಕೇಡು.

ಸೀನ ದೊಡ್ಡಪ್ಪ: ಅಂದರೆ ನನ್ನ ತಾಯಿ ಊರವರಿಗೆ ವಿಷ ಕೊಡ್ತಿದ್ದಳು ಅಂತೀಯಾ? ಹಾವು ಕಚ್ಚಿದವರಿಗೆ ಈಶ್ವರಿ ಬೇರು ತೇಯ್ದು ಕುಡಿಸಿ ಎಷ್ಟು ಜನರನ್ನ ಬದುಕಿಸಿದಾಳೆ ಗೊತ್ತಾ? ಒಂದು ಪೈಸೆ ಮುಟ್ಟಿದವಳಲ್ಲ.

ಅಪ್ಪು: ಅಜ್ಜಿ ಮೇಲೆ ನನಗೂ ಅಷ್ಟೇ ಗೌರವ ಇದೆ ದೊಡ್ಡಪ್ಪ. ಆದ್ರೆ ಎಷ್ಟೋ ಸಲ ಕಚ್ಚಿದ ಹಾವಿಗೆ ವಿಷವೇ ಇರಲ್ಲ, ಹೆಸರು ಬೇರಿಗೆ ಬರುತ್ತೆ. ನಾಗರ ಕಚ್ಚಿದ್ರೆ ಆಸ್ಪತ್ರೆಯ ಇಂಜೆಕ್ಷನ್ನೇ ಆಗಬೇಕು.

ಸೀನ ದೊಡ್ಡಪ್ಪ: ನಾಲ್ಕಕ್ಷರ ಕಲಿತು ಹಿರಿಯರಿಗೇ ಪಾಠ.

ಸುಮಾ ಅತ್ತೆ: ಅಮ್ಮನ ಮಾತು ಬಂತು, ಕೇಳೇಬಿಡ್ತೀನಿ. ಅವಳು ಬೇರು ತೇಯ್ತಿದ್ದ ಸಾಣೆಕಲ್ಲು ಎಲ್ಲಿ? ಪಾಲಿನ ದಿನ ಕಳೆದುಹೋಗಿದೆ ಅಂದ್ರಿ. ಮೊನ್ನೆ ಯಾರದೋ ಸ್ಟೇಟಸ್‌ನಲ್ಲಿ ದೇವರ ಗೂಡಿನ ಪಕ್ಕ ಕಂಡೆ.

ವಿಮಲ ಚಿಕ್ಕಮ್ಮ: ಅತ್ತೆಯೇ ನನ್ನ ಕೈಗೆ ಕೊಟ್ಟಿದ್ದು. ಹಾಸಿಗೆ ಹಿಡಿದಾಗ ಅವರನ್ನ ನೋಡ್ಕೊಂಡಿದ್ದು ಯಾರು?

ಸೀನ ದೊಡ್ಡಪ್ಪ: ಕಲ್ಲಿನ ವಿಷಯ ಗುಂಪಲ್ಲಿ ಬೇಡ ಅಂತ ಯುಗಾದೀಲೇ ಹೇಳಿದ್ದೆ.

ಮಂಜಣ್ಣ (ದುಬೈ): ಅಪ್ಪ, ಬಳ್ಳಿ ಈಗಲೂ ಇದೆಯಾ? ಫೋಟೋ ಹಾಕಿ.

ಅಪ್ಪು: ಪುಟ್ಟಿ ಕುಡೀತಿರೋ ಪುಡೀಲಿ ಏನಿದೆ ಅಂತ ಒಬ್ಬರಾದ್ರೂ ಕೇಳಿದ್ರಾ?

ಪುಟ್ಟಿ: (ಫೋಟೋ) ಡಬ್ಬಿ ಹಿಂದಿನ ಲೇಬಲ್ ಇದು. "ಅಪರೂಪದ ಕಾಡುಬೇರುಗಳು, ಅಡ್ಡಪರಿಣಾಮವಿಲ್ಲ" ಅಷ್ಟೇ ಇದೆ. ಬೇರಿನ ಹೆಸರಿಲ್ಲ.

ಅಪ್ಪು: ಇವತ್ತೇ ನಿಲ್ಸು. ಬೆಳಗ್ಗೆ ಹೋಗಿ ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ರಕ್ತದ ಕ್ರಿಯಾಟಿನಿನ್, ಮೂತ್ರ ಎರಡೂ ಟೆಸ್ಟ್ ಮಾಡ್ಸು. ಕಿಡ್ನಿ ಬಹಳಷ್ಟು ಕೆಟ್ಟ ಮೇಲೂ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.

ಪುಟ್ಟಿ: ಸರಿ ಅಣ್ಣ, ಮಾಡಿಸ್ತೀನಿ. ವಿಮಲತ್ತೆ, ಇದನ್ನ ನನಗೇ ಫೋನ್ ಮಾಡಿ ಹೇಳಬಹುದಿತ್ತಲ್ಲ?

ವಿಮಲ ಚಿಕ್ಕಮ್ಮ: ಮಾಡಿದ್ದೆ ಕಣೇ. ನಿಮ್ಮಮ್ಮ ಎತ್ತಿ, ನನ್ನ ದನಿ ಕೇಳಿ ಇಟ್ಟುಬಿಟ್ರು.

ಸುಮಾ ಅತ್ತೆ: ನೀನು ಕಲ್ಲಿನ ಮಾತಿಗೇ ಮಾಡಿದ್ದೀಯ ಅಂದ್ಕೊಂಡೆ.