ಕಾಲಿನ ಹೆಬ್ಬೆರಳ ಉಗುರನ್ನು ಮತ್ತೊಮ್ಮೆ ಕೀಳಿಸಬೇಕೇ?

ಡೊಂಬಿವಿಲಿಯ ಕುಂದಾಪುರಿಗ:
ಮಾಟುಂಗಾದ ಹೋಟೆಲಿನಲ್ಲಿ ದಿನಕ್ಕೆ ಹನ್ನೆರಡು ತಾಸು ನಿಂತೇ ಇರುವ ಕೆಲಸ ನನ್ನದು. ಕಳೆದ ವರ್ಷ ಬಲಗಾಲಿನ ಹೆಬ್ಬೆರಳ ಉಗುರು ಮಾಂಸದೊಳಗೆ ನುಗ್ಗಿ ಕೀವು ತುಂಬಿತು. ಊರಿನಿಂದ ಅಮ್ಮ ಫೋನಿನಲ್ಲೇ ಇದು ಉಗುರುಸುತ್ತು ಎಂದು ತೀರ್ಮಾನಿಸಿ, ನಿಂಬೆಹಣ್ಣು ಕೊರೆದು ಸಿಕ್ಕಿಸಿಕೋ ಎಂದರು. ಕಾಲಿನ ಹೆಬ್ಬೆರಳಿಗೆ ಹಿಡಿಸುವ ನಿಂಬೆ ದಾದರ್ ಮಾರುಕಟ್ಟೆಯಲ್ಲೂ ಸಿಗಲಿಲ್ಲ. ಕೊನೆಗೆ ಮನೆ ಹತ್ತಿರದ ದವಾಖಾನೆಯಲ್ಲಿ ಪೂರ್ತಿ ಉಗುರನ್ನೇ ಕಿತ್ತರು. ಕೆಲವು ತಿಂಗಳು ಸುಖವಾಗಿದ್ದೆ. ಈಗ ಹೊಸ ಉಗುರು ಹಳೆಯದರ ದಾರಿಯನ್ನೇ ಹಿಡಿದಿದೆ. ಲೋಕಲ್ ರೈಲಿನಲ್ಲಿ ಯಾರಾದರೂ ತುಳಿದರೆ ಜೀವ ಹೋಗುತ್ತದೆ. ದವಾಖಾನೆಯವರು ಮತ್ತೆ ಕೀಳೋಣ ಎನ್ನುತ್ತಾರೆ. ಬೇರೆ ದಾರಿ ಇದೆಯೇ? ಎಷ್ಟು ದಿನ ರಜೆ ಬೇಕಾಗುತ್ತದೆ?

ಪಿಂಪ್ರಿಯ ಹಳಬ:
ಉಕ್ಕಿನ ಮೂತಿಯ ಬೂಟು ಹಾಕಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವನು ನಾನು. ಎರಡು ಸಲ ಕೀಳಿಸಿಕೊಂಡ ಮೇಲೆ ಬುದ್ಧಿ ಬಂತು. ಉಗುರು ಹುಟ್ಟುವುದು ಚರ್ಮದಡಿಯ ಬೇರಿನಿಂದ. ಮೇಲಿನದನ್ನಷ್ಟೇ ಕಿತ್ತರೆ ಗರಿಕೆಯನ್ನು ಬೇರು ಬಿಟ್ಟು ಕಿತ್ತ ಹಾಗೆ. ಮೂರನೆಯ ಸಲ ಬೇರೆ ವೈದ್ಯರು ಚುಚ್ಚುತ್ತಿದ್ದ ಅಂಚಿನ ಮೂರ್ನಾಲ್ಕು ಮಿಲಿಮೀಟರ್ ಪಟ್ಟಿಯನ್ನು ಮಾತ್ರ ಉದ್ದಕ್ಕೆ ಸೀಳಿ ತೆಗೆದು, ಆ ಭಾಗದ ಬೇರಿಗೆ ಫೀನಾಲ್ ಎಂಬ ರಾಸಾಯನಿಕ ಹಚ್ಚಿ ಸುಟ್ಟರು. ಬೆರಳ ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದಿದ್ದರು. ರಕ್ತ ಬೆರೆತರೆ ಫೀನಾಲ್ ಬಲ ಕಳೆದುಕೊಳ್ಳುತ್ತದಂತೆ. ನೋವೆಲ್ಲ ಬೆರಳ ಬುಡದ ಎರಡೂ ಬದಿಗೆ ಕೊಡುವ ಮರಗಟ್ಟಿಸುವ ಚುಚ್ಚುಮದ್ದಿನದು. ಆಗ ನಾನು ಕೂಗಿದ ಕೂಗಿಗೆ ಹೊರಗೆ ಕುಳಿತಿದ್ದ ಇಬ್ಬರು ರೋಗಿಗಳು ಎದ್ದು ಹೋದರೆಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಆಮೇಲೆ ಅರ್ಧ ಗಂಟೆಯೊಳಗೆ ಮುಗಿಯಿತು. ಉಗುರು ಕೊಂಚ ಕಿರಿದಾಗಿದೆ, ಅಷ್ಟೇ. ಆರು ವರ್ಷದಿಂದ ತಂಟೆಯಿಲ್ಲ.

ಸಯನ್ ದಾದಿ:
ಮೊದಲೇ ಹೇಳಿಬಿಡುತ್ತೇನೆ: ಅದು ನೆಲ ಒರೆಸುವ ಫಿನಾಯಿಲ್ ಅಲ್ಲ, ಮನೆಯಲ್ಲಿ ಪ್ರಯೋಗ ಬೇಡ. ಫೀನಾಲ್ ಹಚ್ಚಿದ್ದು ಸುಟ್ಟ ಗಾಯವೇ ಆದ್ದರಿಂದ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ನೀರು ಒಸರುತ್ತದೆ. ಅದನ್ನು ಕೀವೆಂದು ಹೆದರಬೇಡಿ. ಕೆಂಪು ಹರಡಿದರೆ, ನೋವು ದಿನೇ ದಿನೇ ಏರಿದರೆ, ಜ್ವರ ಬಂದರೆ ತಕ್ಷಣ ತೋರಿಸಿ. ಸಕ್ಕರೆ ಕಾಯಿಲೆ ಇದೆಯೇ? ನೀವು ಬರೆದಿಲ್ಲ. ಇದ್ದರೆ ಪಾದದ ರಕ್ತಸಂಚಾರ ಪರೀಕ್ಷಿಸಿಯೇ ಮುಂದುವರಿಯಬೇಕು. ಮೊದಲ ಎರಡು ದಿನ ಕಾಲನ್ನು ಎತ್ತರಕ್ಕಿಡಿ. ನಿಂತು ಮಾಡುವ ಕೆಲಸಕ್ಕೆ ಒಂದು ವಾರವಾದರೂ ರಜೆ ಹಾಕಿ. ಸಾಧ್ಯವಿದ್ದರೆ ಮಳೆಗಾಲಕ್ಕೆ ಮುಂಚೆ ಮಾಡಿಸಿಕೊಳ್ಳಿ. ತೆರೆದ ಗಾಯವಿಟ್ಟುಕೊಂಡು ಈ ಊರಿನ ರಸ್ತೆ ನೀರಿನಲ್ಲಿ ನಡೆದರೆ ಇಲಿಜ್ವರದ ಭಯವಿದೆ. ಉಗುರಿನ ಮೂಲೆಯನ್ನು ಕೊರೆದು ದುಂಡಗೆ ಕತ್ತರಿಸುವ ಅಭ್ಯಾಸವಿದೆಯೇ?

ಡೊಂಬಿವಿಲಿಯ ಕುಂದಾಪುರಿಗ:
ಸಕ್ಕರೆ ಇಲ್ಲ. ಮೂಲೆ ಕೊರೆಯುವ ಅಭ್ಯಾಸ ಇದೆ, ಅದೂ ಬ್ಲೇಡಿನಿಂದ. ಇನ್ನು ಮೇಲೆ ನೇರವಾಗಿಯೇ ಕತ್ತರಿಸುತ್ತೇನೆ ಅಕ್ಕ. ಫೀನಾಲ್ ಹಚ್ಚುವ ವೈದ್ಯರೊಬ್ಬರು ಠಾಣೆಯಲ್ಲಿ ಸಿಕ್ಕಿದ್ದಾರೆ, ಬರುವ ಸೋಮವಾರಕ್ಕೆ ಬರಹೇಳಿದ್ದಾರೆ. ಧಣಿಗಳಲ್ಲಿ ರಜೆ ಕೇಳಿದೆ. ಎರಡು ದಿನ ಮಲಗು, ಆಮೇಲೆ ಬಂದು ಗಲ್ಲಾದಲ್ಲಿ ಕುಳಿತು ಕಾಲನ್ನು ಸ್ಟೂಲಿನ ಮೇಲಿಟ್ಟುಕೋ ಎಂದರು. ಹನ್ನೊಂದು ವರ್ಷದಲ್ಲಿ ಆ ಹೋಟೆಲಿನಲ್ಲಿ ಇದೇ ಮೊದಲ ಸಲ ನನಗೆ ಕುರ್ಚಿ ಸಿಗುತ್ತಿದೆ.